ಅಗೆಯುವ ಮುನ್ನ ಗೆರೆ ಹಾಕಿಸಿ

ಬೋರಿನ ಪೈಪು ಹೂಳಲು ಪುರ್ತಗೇರಿಯ ನನ್ನ ಹೊಲಕ್ಕೆ ಜೆಸಿಬಿ ತರಿಸಿದ್ದೆ. 'ಕೆಳಗ ಏನರ ಐತೇನ್ರೀ?' ಎಂದು ಡ್ರೈವರ್ ಕೇಳಿದ. 'ಏನಿಲ್ಲಪಾ, ತಗಿ' ಅಂದೆ. ದಾರಿ ಬದಿಗೆ ಬರುತ್ತಲೇ ಕುಡಿಯುವ ನೀರಿನ ಪೈಪು ಒಡೆಯಿತು. ಓಣಿಗೆ ಎರಡು ದಿನ ನೀರಿಲ್ಲ, ರಿಪೇರಿ ಖರ್ಚು ನನ್ನ ತಲೆಗೆ. ಕರೆಂಟ್ ಕೇಬಲ್ ಆಗಿದ್ದರೆ ಆ ಹುಡುಗನ ಜೀವಕ್ಕೇ ಕುತ್ತು.

ನಮ್ಮ ಎರೆಮಣ್ಣು ಉಬ್ಬಿ, ಬಿರಿದು ಹಳೆಯ ಅಗೆತದ ಗುರುತನ್ನೇ ಅಳಿಸುತ್ತದೆ. ಕಣ್ಣಂದಾಜು ನಂಬಬಾರದು. ಈಗ ನಾನು ಮಾಡುವುದು ಇಷ್ಟು:

1. ಅಗೆಯುವ ಜಾಗಕ್ಕೆ ಮೊದಲು ಸುಣ್ಣದ ಗೆರೆ ಎಳೆಯುತ್ತೇನೆ.

2. ಪಂಚಾಯ್ತಿಯ ವಾಟರ್‌ಮ್ಯಾನ್, ಹೆಸ್ಕಾಂ ಲೈನ್‌ಮನ್ ಇಬ್ಬರನ್ನೂ ಕರೆದು ಅವರವರ ಲೈನು ತೋರಿಸಲು ಹೇಳಿ, ಅಲ್ಲಿ ಗೂಟ ಹೊಡೆಯುತ್ತೇನೆ.

3. ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ಬಿಡುಗಡೆ ಮಾಡಿದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಮಗನಿಂದ ಜಾಗ ತಿಳಿಸುತ್ತೇನೆ. ನೋಂದಾಯಿಸಿದ ಲೈನುಗಳ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ಆದರೆ ಇದೊಂದನ್ನೇ ನೆಚ್ಚಿ ಕೂರುವುದಿಲ್ಲ.

4. ಗೂಟದ ಹತ್ತಿರ ಜೆಸಿಬಿ ಬೇಡ, ಗುದ್ದಲಿಯಿಂದ ನಿಧಾನವಾಗಿ ಬಿಡಿಸುವುದು.

ಗ್ಯಾಸ್ ಪೈಪು ಹಾದ ಹೊಲದವರು ಇನ್ನೂ ಎಚ್ಚರದಿಂದಿರಬೇಕು. ದಾಭೋಳ–ಬೆಂಗಳೂರು ಪೈಪು 2013ರಿಂದ ನಮ್ಮ ರಾಜ್ಯದ ಹೊಲಗಳ ಕೆಳಗೆ ಹರಿದಿದೆ. 1962ರ ಪೈಪ್‌ಲೈನ್ ಕಾಯ್ದೆಯಂತೆ ಆ ಪಟ್ಟಿಯಲ್ಲಿ ಎಂದಿನಂತೆ ಬಿತ್ತಿ ಬೆಳೆಯಬಹುದು. ಬಾವಿ, ಕೆರೆ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಮರ ಬೆಳೆಸುವಂತಿಲ್ಲ. ಕೃಷಿಹೊಂಡಕ್ಕೆ ಜಾಗ ಆರಿಸುವಾಗ ಇದನ್ನು ಮರೆಯಬೇಡಿ.

ಕೇಳಲು ಅರ್ಧ ದಿನ ಹೋದೀತು, ಹೋಗಲಿ. ನನಗೆ ಕೇಳದೇ ಹೋದದ್ದು ಎರಡು ದಿನ, ಜೊತೆಗೆ ಓಣಿಯವರ ಬೈಗುಳ.