ಪದ್ಯದಲ್ಲಿ ಎಲ್ಲಿದೆ?



ಕನ್ನಡ ಎಂ.ಎ. ಮುಗಿಸಿದ್ದೀಯ. ತಿರುಗಿ ನೋಡಿದರೆ ಝೆರಾಕ್ಸ್ ನೋಟ್ಸು, ಇಂಟರ್ನಲ್ಸ್ ಅಂಕ, ಹಳಗನ್ನಡ ಎಂದೊಡನೆ ಆವರಿಸುವ ದಣಿವು, ಇಷ್ಟು ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ನಿನ್ನ ವಯಸ್ಸಿನ ಅನೇಕರು ಹೇಳುತ್ತಾರೆ. ಆ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಕೋರ್ಸಿನಿಂದ ನಾವು ಬಯಸಿದ್ದೇ ಅದು ಕೊಡಲಾರದ್ದನ್ನು ಎಂದು ನನಗನ್ನಿಸುತ್ತದೆ. ಸಾಹಿತ್ಯದ ಕೋರ್ಸು ಸಾಹಿತ್ಯದ ಮೇಲೆ ಪ್ರೀತಿ ಹುಟ್ಟಿಸಬೇಕು, ಇಲ್ಲದಿದ್ದರೆ ಅದು ದಂಡ ಎಂದುಕೊಂಡಿದ್ದೇವೆ. ಪ್ರೀತಿ ಹುಟ್ಟುವುದಕ್ಕೆ ತರಗತಿಯೇ ಬೇಕೆಂದಿಲ್ಲ. ಗಮಕಿಯೊಬ್ಬರು ಕುಮಾರವ್ಯಾಸನನ್ನು ಓದುವಾಗ ಹುಟ್ಟಬಹುದು, ಯಕ್ಷಗಾನದ ಬಯಲಲ್ಲಿ ಹುಟ್ಟಬಹುದು, ಊರ ಗ್ರಂಥಾಲಯದಲ್ಲಿ ರಟ್ಟು ಕಿತ್ತುಹೋದ ತೇಜಸ್ವಿ ಪುಸ್ತಕದಿಂದಲೂ ಹುಟ್ಟಬಹುದು. ತರಗತಿ ಕೊಡಬಹುದಾದದ್ದು ಬೇರೆ, ಅಷ್ಟೇನೂ ಆಕರ್ಷಕವಲ್ಲದ್ದು. ಒಂದು ಕಾವ್ಯದ ಬಗ್ಗೆ ನೀನು ಏನಾದರೂ ಅಂದೊಡನೆ, “ಅದು ಪದ್ಯದಲ್ಲಿ ಎಲ್ಲಿದೆ, ತೋರಿಸು” ಎಂದು ಎದುರಿಗಿದ್ದವರು ಕೇಳಬಹುದು, ನೀನು ತೋರಿಸಲೇಬೇಕು. ಈ ಕಟ್ಟುಪಾಡು ಮನೆಯ ಓದಿನಲ್ಲಿ ತಾನಾಗಿ ಬರುವುದಿಲ್ಲ. ಎಂ.ಎ.ಯಿಂದ ಉಳಿಸಿಕೊಳ್ಳಬೇಕಾದದ್ದು ಇದೊಂದೇ, ಉಳಿದದ್ದನ್ನು ಮರೆತರೂ ನಷ್ಟವಿಲ್ಲ ಎಂಬುದು ನನ್ನ ವಾದ.

ಪಂಪನನ್ನೇ ತೆಗೆದುಕೋ. 941ರ ವಿಕ್ರಮಾರ್ಜುನ ವಿಜಯದ ಬಗ್ಗೆ ಗೈಡುಗಳು ಹೇಳುವುದು ಎಲ್ಲರಿಗೂ ಬಾಯಿಪಾಠ: ವೇಮುಲವಾಡದ ಚಾಳುಕ್ಯ ಅರಿಕೇಸರಿಯನ್ನು ಕವಿ ಅರ್ಜುನನೊಂದಿಗೆ ಸಮೀಕರಿಸಿದ, ಕರ್ಣನನ್ನು ಉದಾತ್ತವಾಗಿ ಚಿತ್ರಿಸಿದ. ಎರಡೂ ನಿಜ, ಹತ್ತು ಅಂಕಕ್ಕೆ ಅಷ್ಟು ಸಾಕು ಕೂಡ. ಆದರೆ ಮೊದಲಿನಿಂದ ಕೊನೆಯವರೆಗೆ ಕಾವ್ಯವನ್ನೇ ಓದಿದವರಿಗೆ ಆ ಸಮೀಕರಣದ ಬೆಲೆ ಏನೆಂದು ಕಾಣತೊಡಗುತ್ತದೆ. ಆಶ್ರಯದಾತನೇ ಅರ್ಜುನನಾದ ಮೇಲೆ ಅವನ ಹೆಂಡತಿಗೆ ಐವರು ಗಂಡಂದಿರು ಇರುವಂತಿಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸುತ್ತಾನೆ. ಆದರೆ ತುಂಬಿದ ಸಭೆಯಲ್ಲಿ ಅವಳ ಮುಡಿಗೆ ಕೈಹಾಕಿದವನನ್ನು ಕೊಲ್ಲುವ ಶಪಥ ಭೀಮನದು. ಆ ಶಪಥ ಇಲ್ಲದೆ ಭಾರತವೇ ನಿಲ್ಲುವುದಿಲ್ಲವಾದ್ದರಿಂದ ಕವಿ ಅದನ್ನು ಬಿಡಲಾರ. ಈಗ ಭೀಮ ಸಿಟ್ಟಾಗುವುದು ಯಾವ ಸಂಬಂಧದಿಂದ? ಕಡೆಗೆ ಪಟ್ಟಾಭಿಷೇಕದ ಹೊತ್ತಿಗೆ ಸಿಂಹಾಸನದ ಮೇಲಿರುವವನು ಅರ್ಜುನ, ಪಕ್ಕದಲ್ಲಿ ಪಟ್ಟದರಸಿಯಾಗಿ ಸುಭದ್ರೆ. ಇಷ್ಟು ದೊಡ್ಡ ಯುದ್ಧ ಯಾರ ಅವಮಾನದಿಂದ ಹೊತ್ತಿತೋ ಅವಳು ಬದಿಗೆ ಸರಿದಿದ್ದಾಳೆ. ಇನ್ನು ಅರ್ಜುನನನ್ನು ಹೊಗಳಲೆಂದೇ ಹೊರಟ ಕವಿ, ಕರ್ಣನ ಸಾವಿನ ಬಳಿ ಬಂದಾಗ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂದು ಓದುಗನಿಗೆ ಹೇಳಿಬಿಡುತ್ತಾನೆ. ಕವಿ ಕೊಟ್ಟ ಮಾತು ಒಂದು ಕಡೆ ಎಳೆಯುತ್ತದೆ, ಕಥೆ ಇನ್ನೊಂದು ಕಡೆ ಎಳೆಯುತ್ತದೆ. ಕಾವ್ಯದ ಕಸುವೆಲ್ಲ ಈ ಜಗ್ಗಾಟದಲ್ಲಿದೆ. ಗೈಡಿನ ಎರಡು ವಾಕ್ಯದಲ್ಲಿ ಅದು ಇಲ್ಲ, ಏಕೆಂದರೆ ಎಲ್ಲ ಬಗೆಹರಿದಿದೆ ಎಂದು ತೋರಿಸುವುದೇ ಗೈಡಿನ ಕೆಲಸ.

ಕವಿ ಬರೆದದ್ದು ಏನು ಎಂಬುದೂ ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಪಂಪಭಾರತ ಎಂದೂ ಕರೆಯುವ ಈ ಕಾವ್ಯ ಬಿ.ಎಲ್. ರೈಸ್ ಅವರ ಮೂಲಕ ಅಚ್ಚಾದದ್ದು 1898ರಲ್ಲಿ. ಅದೇ ವರ್ಷ ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಬಂತು. ಅಲ್ಲಿಯವರೆಗಿನ ಒಂಬತ್ತು ಶತಮಾನಕ್ಕೂ ಮೀರಿದ ಕಾಲ ಈ ಪದ್ಯಗಳು ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತ ಬದುಕಿದವು. ನಕಲು ಎಂದ ಮೇಲೆ ಪಾಠಾಂತರ ಇದ್ದದ್ದೇ. ಗ್ರಂಥ ಸಂಪಾದನೆಯ ಪತ್ರಿಕೆಯನ್ನು ನಿನ್ನ ಸಹಪಾಠಿಗಳು ಬೈದುಕೊಂಡೇ ಬರೆದಿರುತ್ತಾರೆ, ಗೊತ್ತು. ಅದು ಎಷ್ಟು ಜೀವಂತ ವಿಷಯ ಎಂಬುದಕ್ಕೆ ಒಂದೇ ಪ್ರಸಂಗ ಸಾಕು. ಬಸವಣ್ಣನ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಪ್ರಕಟಿಸಿದ ಪುಸ್ತಕವೊಂದನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಜನರ ಭಾವನೆಗೆ ನೋವಾಗಿದೆಯೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬಹುದು. ಓಲೆಗರಿಯಲ್ಲಿ ಏನಿದೆ ಎಂಬುದನ್ನು ಹೇಳಲು ಓಲೆಗರಿ ಓದಬಲ್ಲವರೇ ಬೇಕು. ದಿನ ಬೆಳಗಾದರೆ ವಾಟ್ಸಾಪಿನಲ್ಲಿ ಬಸವಣ್ಣ, ಸರ್ವಜ್ಞ, ಡಿ.ವಿ.ಜಿ. ಹೆಸರಿನಲ್ಲಿ ಯಾರೋ ಬರೆದ ಸಾಲುಗಳು ಬಂದು ಬೀಳುತ್ತವೆ. ಅವು ಯಾವ ಸಂಪುಟದಲ್ಲಿವೆ ಎಂದು ಕೇಳುವವರು ಒಂದು ಗುಂಪಿನಲ್ಲಿ ಒಬ್ಬರಾದರೂ ಇರಬೇಡವೇ?

ನೀನು ಇದಕ್ಕೆ ಏನನ್ನುತ್ತೀಯ ಎಂದು ಊಹಿಸಬಲ್ಲೆ. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಕೂಡ ದಾಟಲಿಲ್ಲ. ಶಿವರಾಮ ಕಾರಂತರು ಕಾಲೇಜು ಬಿಟ್ಟವರು. ವಚನಗಳನ್ನು ಮನೆಮನೆ, ಮಠಮಠ ಅಲೆದು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದ ಫ.ಗು. ಹಳಕಟ್ಟಿಯವರು ವಿಜಾಪುರದ ವಕೀಲರು. ಹಾಗಾದರೆ ವಿಶ್ವವಿದ್ಯಾಲಯ ಮಾಡಿದ್ದೇನು? ಇದು ಗಟ್ಟಿಯಾದ ಪ್ರಶ್ನೆ. ಕನ್ನಡದ ಪಠ್ಯಕ್ರಮ ತನ್ನ ಅರ್ಧ ಆಸ್ತಿಯನ್ನು ಹೊರಗಿನವರಿಂದಲೇ ಪಡೆದಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಹಳಕಟ್ಟಿಯವರು ಮಾಡಿದ್ದು ಏನೆಂದು ಗಮನಿಸು: ಪ್ರತಿಗಳನ್ನು ಹುಡುಕಿದರು, ಹೋಲಿಸಿದರು, ಓದುಗರ ಮುಂದೆ ಆಧಾರ ಇಟ್ಟರು. ನಾನು ಹೇಳುತ್ತಿರುವ ಶಿಸ್ತು ಅದೇ. ಅವರು ಅದನ್ನು ತಾವೇ ಕಟ್ಟಿಕೊಂಡರು, ಅದಕ್ಕಾಗಿ ಮನೆಯನ್ನೂ ಮಾರಿಕೊಂಡರು. ಅಷ್ಟು ಛಲ ಎಲ್ಲರಿಗೂ ಇರುವುದಿಲ್ಲ. ಮೈಸೂರು ವಿಶ್ವವಿದ್ಯಾಲಯ 1927ರಲ್ಲಿ ಕನ್ನಡ ಎಂ.ಎ. ಆರಂಭಿಸಿದಾಗ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಡಿ.ಎಲ್. ನರಸಿಂಹಾಚಾರ್ ಇದ್ದರು, ಟಿ.ಎಸ್. ವೆಂಕಣ್ಣಯ್ಯನವರು ಪಾಠ ಹೇಳಿದರು. ಕುವೆಂಪು ಆ ಕೋರ್ಸು ಇಲ್ಲದಿದ್ದರೂ ಕವಿಯೇ ಆಗುತ್ತಿದ್ದರು. ವಡ್ಡಾರಾಧನೆಯನ್ನು ಸಂಪಾದಿಸಿದ, ಪಂಪಭಾರತಕ್ಕೆ ದೀಪಿಕೆ ಬರೆದ ಡಿ.ಎಲ್.ಎನ್. ಅವರ ಬಗ್ಗೆ ಅಷ್ಟು ಧೈರ್ಯವಾಗಿ ಹಾಗೆ ಹೇಳಲಾರೆ. ಕೋರ್ಸು ಕವಿಯನ್ನು ಹುಟ್ಟಿಸದು; ವಿದ್ವಾಂಸನಿಗೆ ಜಾಗ ಮಾಡಿಕೊಡಬಲ್ಲದು. ಇನ್ನೂ ಮುಖ್ಯವಾದ ಮಾತೆಂದರೆ, ಬಸದಿ, ಮಠ, ಪಂಡಿತರ ಮನೆ, ಇವುಗಳ ಒಳಗೆ ಯಾರಿಗೆ ಪ್ರವೇಶವಿತ್ತೋ ಅವರಿಗಷ್ಟೇ ಸಿಗುತ್ತಿದ್ದ ಪಂಪ, ಇವತ್ತು ಮನೆಯಲ್ಲಿ ಒಂದೂ ಪುಸ್ತಕ ಇಲ್ಲದ ಹುಡುಗಿಗೂ ಫೀಸು ಕಟ್ಟಿದರೆ ಸಿಗುತ್ತಾನೆ. ಕೋರ್ಸು ಎಷ್ಟೇ ಕಳಪೆಯಾಗಿ ನಡೆಯಲಿ, ಈ ಒಂದು ಕಾರಣಕ್ಕೆ ಅದನ್ನು ಲಘುವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಅದೇ ಹುಡುಗಿ ಇನ್ನೊಂದು ಪ್ರಶ್ನೆ ಕೇಳಬಹುದು: ಪಠ್ಯದಲ್ಲಿರುವ ರಾಜಾಸ್ಥಾನದ ಕವಿಗಳಲ್ಲಿ ನನ್ನವರು ಯಾರು? ಕೇಳಬೇಕಾದದ್ದೇ. ನೀಲಗಾರರು ಹಾಡುವ ಮಂಟೇಸ್ವಾಮಿಯೂ ದೇವರಗುಡ್ಡರ ಮಲೆ ಮಾದೇಶ್ವರನೂ ಪಠ್ಯಕ್ರಮದ ಬಾಗಿಲು ದಾಟಲು ಬಹಳ ಕಾಲ ಕಾಯಬೇಕಾಯಿತು, ಯಾರೋ ಜಗಳ ಮಾಡಬೇಕಾಯಿತು. ಪಠ್ಯಪಟ್ಟಿ ವೇದವಾಕ್ಯವಲ್ಲ. ಆದರೆ ಯಶೋಧರ ಚರಿತೆಯಲ್ಲಿ ಜನ್ನ ಹೆಣ್ಣಿಗೆ ಅನ್ಯಾಯ ಮಾಡಿದ ಎಂಬ ಆಕ್ಷೇಪವೂ ಪದ್ಯದ ಮುಂದೆ ನಿಂತು ಉತ್ತರಿಸಬೇಕು. ಓದದೆ ಹೊಗಳುವುದು ಹೇಗೆ ಸೋಮಾರಿತನವೋ ಓದದೆ ತೆಗಳುವುದೂ ಹಾಗೆಯೇ. ಈಚೆಗೆ ಎರಡನೆಯದಕ್ಕೆ ತುಸು ಹೆಚ್ಚು ಚಪ್ಪಾಳೆ ಬೀಳುತ್ತಿದೆ, ಅಷ್ಟೇ ವ್ಯತ್ಯಾಸ.

ಕೆಲಸದ ಮಾತು. ಕಾಯಂ ಹುದ್ದೆಗಳು ಕಡಿಮೆ, ನೆಟ್, ಕೆ-ಸೆಟ್ ಪಾಸಾಗಿಯೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಉಳಿದವರು ನಿನ್ನ ಕಣ್ಣ ಮುಂದೆಯೇ ಇದ್ದಾರೆ. ಸಾಹಿತ್ಯ ಓದಿದರೆ ಬದುಕು ತಾನಾಗಿ ಹಸನಾಗುತ್ತದೆ ಎಂದು ಸನ್ಮಾನ ಸಭೆಯ ಭಾಷಣಕಾರರ ಹಾಗೆ ನಾನು ಹೇಳಲಾರೆ. ಹೊಟ್ಟೆಪಾಡಿಗೆ ಬೇರೆ ದಾರಿ ಹಿಡಿಯಬೇಕಾಗಿ ಬಂದರೆ ಸಂಕೋಚವಿಲ್ಲದೆ ಹಿಡಿ. ಹಳಕಟ್ಟಿಯವರೂ ವಕೀಲಿಯಲ್ಲೇ ಇದ್ದರು.

ಒಂದನ್ನು ಮಾತ್ರ ಮಾಡು. ಪರೀಕ್ಷೆಗಾಗಿ ಓದಿದ ಕೃತಿಗಳಲ್ಲಿ ಒಂದನ್ನು ಈ ವರ್ಷ ಪರೀಕ್ಷೆಯಿಲ್ಲದೆ ಓದು. ಜನ್ನನ ಯಶೋಧರ ಚರಿತೆ ಒಳ್ಳೆಯ ಆರಂಭ. 1209ರ ಕೃತಿ, ನಾಲ್ಕೇ ಅವತಾರ, 300ಕ್ಕೆ ತುಸು ಹೆಚ್ಚು ಪದ್ಯ, ಬಹುಪಾಲು ಕಂದ. ಗದ್ಯಾನುವಾದ ಪಕ್ಕದಲ್ಲಿರಲಿ, ತಪ್ಪೇನಿಲ್ಲ, ಆದರೆ ಮೂಲವನ್ನು ಬಾಯಿಬಿಟ್ಟು ಓದು. ಕಂದದ ನಡೆ ಕಿವಿಗೆ ಹತ್ತಿದರೆ ಅರ್ಧ ಅರ್ಥ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಆಗದಿದ್ದರೆ ಇಬ್ಬರು ಸಹಪಾಠಿಗಳನ್ನು ಜೊತೆಗೆ ಕರೆದುಕೋ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದೂ ಹಿಂಸೆಯೇ ಎಂಬುದು ಜನ್ನನ ನಿಲುವು, ಅದು ನೋಟ್ಸಿನಲ್ಲೂ ಇದೆ. ರಾಜನ ಮಗ್ಗುಲು ಬಿಟ್ಟು ಮಾವುತ ಅಷ್ಟಾವಂಕನ ಬಳಿಗೆ ಹೋದ ರಾಣಿ ಅಮೃತಮತಿಯ ಬಗ್ಗೆ ಮಾತ್ರ ನೋಟ್ಸು ನೋಡಬೇಡ. ಕವಿ ಅವಳನ್ನು ದೂಷಿಸುತ್ತಾನೋ, ಅವಳ ಸೆಳೆತಕ್ಕೆ ತಾನೇ ಒಂದು ಗಳಿಗೆ ಸೋಲುತ್ತಾನೋ ಎಂಬ ಬಗ್ಗೆ ನಿನ್ನ ತೀರ್ಮಾನ ಬರೆದು ಕಳಿಸು, ಪದ್ಯದ ಸಂಖ್ಯೆ ಸಮೇತ. ನಾನು ಒಪ್ಪದಿದ್ದರೆ ನನ್ನ ಸಂಖ್ಯೆಗಳನ್ನು ಕಳಿಸುತ್ತೇನೆ.

ಇಂತಿ,
ನಿನ್ನ ಹಿತೈಷಿ