ಮನಸ್ಸಿನ ಗಾಯಕ್ಕೆ ನ್ಯಾಯವೂ ಮದ್ದು



"ಆದದ್ದು ಆಗಿಹೋಯಿತು, ಮರೆತುಬಿಡು." ಹಿಂಸೆಗೆ ಸಿಕ್ಕಿ ನೊಂದವರಿಗೆ ನಾವೆಲ್ಲ ಸುಲಭವಾಗಿ ಹೇಳುವ ಮಾತಿದು. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇದರಿಂದ ಗಾಯ ಮಾಯುತ್ತದೆಯೇ? ಈ ಪ್ರಶ್ನೆಯನ್ನು ಎದುರಿಸಿ, ಕೊನೆಗೆ ಪ್ರಾಣವನ್ನೇ ತೆತ್ತ ಗುರುವೊಬ್ಬರ ಕುರಿತು ತಿಳಿಯೋಣ.

ಫಾದರ್ ಇಗ್ನಾಸಿಯೊ ಮಾರ್ಟಿನ್-ಬಾರೊ 1942ರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿ, 1959ರಲ್ಲಿ ಯೇಸುಸಭೆಗೆ ಸೇರಿದರು. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್ ಅವರ ಸೇವಾಕ್ಷೇತ್ರವಾಯಿತು. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ, 1979ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಾರದ ದಿನಗಳಲ್ಲಿ ಸಾನ್ ಸಾಲ್ವಡಾರ್ ನಗರದ ಯೇಸುಸಭೆಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. ವಾರದ ಕೊನೆಗೆ ಹಯಾಕೆ ಎಂಬ ಊರಿನ ಬಡವರ ನಡುವೆ ಬಲಿಪೂಜೆ ಅರ್ಪಿಸುತ್ತಿದ್ದರು.

ಆ ದೇಶದ ಭೂಮಿ, ಸಂಪತ್ತು ಕೆಲವೇ ಕುಟುಂಬಗಳ ಕೈಯಲ್ಲಿದ್ದವು. ಪ್ರಶ್ನಿಸಿದವರನ್ನು ಕೊಲ್ಲಲಾಗುತ್ತಿತ್ತು. ಮಹಾಧರ್ಮಾಧ್ಯಕ್ಷ ಒಸ್ಕಾರ್ ರೊಮೆರೊ ಅವರನ್ನು 1980ರ ಮಾರ್ಚ್ 24ರಂದು ಬಲಿಪೂಜೆಯ ವೇಳೆಯಲ್ಲೇ ಗುಂಡಿಕ್ಕಿ ಕೊಂದರು. 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು.

ಸೈನಿಕರನ್ನು ಕಂಡರೆ ಬೆಚ್ಚಿಬೀಳುವ ಮಗುವಿಗೆ ಯಾವ ಚಿಕಿತ್ಸೆ ಕೊಡಬೇಕು? ರೋಗ ಆ ಮಗುವಿನ ತಲೆಯೊಳಗೆ ಮಾತ್ರ ಇಲ್ಲ ಎಂದರು ಫಾದರ್ ಮಾರ್ಟಿನ್-ಬಾರೊ. ಅಸಹಜವಾದ ಪರಿಸ್ಥಿತಿಗೆ ಅಂಜುವುದು ಸಹಜವೇ ಅಲ್ಲವೇ? ಗಾಯ ಜನರ ಸಂಬಂಧಗಳಲ್ಲೇ ಆಗಿದೆ. ನೆರೆಯವನು ನೆರೆಯವನನ್ನು ನಂಬದಂತಾಗಿದೆ. ಇದನ್ನು ಅವರು 'ಮನೋಸಾಮಾಜಿಕ ಆಘಾತ' ಎಂದು ಕರೆದರು. ಅದನ್ನು ಹುಟ್ಟಿಸಿದ ಅನ್ಯಾಯ ಹಾಗೆಯೇ ಉಳಿದರೆ, ವ್ಯಕ್ತಿಗೆ ಮಾತ್ರ ನೀಡುವ ಚಿಕಿತ್ಸೆ ಸಾಲದು.

ಗಾಯವನ್ನು ಕೊಳೆಸುವ ಇನ್ನೊಂದು ವಿಷವನ್ನೂ ಅವರು ಗುರುತಿಸಿದರು: ಸುಳ್ಳು. ನಡೆದದ್ದು ನಡೆಯಲೇ ಇಲ್ಲ ಎಂದು ಅಧಿಕಾರದಲ್ಲಿದ್ದವರು ಹೇಳಿದಾಗ, ನೊಂದವರು ತಮ್ಮ ನೆನಪನ್ನೇ ಸಂಶಯಿಸುತ್ತಾರೆ. ಆದ್ದರಿಂದ 1986ರಲ್ಲಿ ಅವರು ಜನಾಭಿಪ್ರಾಯ ಸಂಗ್ರಹಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಸಾಮಾನ್ಯ ಜನರು ನಿಜವಾಗಿ ಏನು ಯೋಚಿಸುತ್ತಾರೆಂದು ಅವರಿಗೇ ತೋರಿಸುವುದೂ ಅವರ ದೃಷ್ಟಿಯಲ್ಲಿ ಚಿಕಿತ್ಸೆಯೇ ಆಗಿತ್ತು.

1989ರ ನವೆಂಬರ್ 16ರ ಬೆಳಗಿನ ಜಾವ ಸೈನಿಕರು ಅವರನ್ನೂ ಇತರ ಐವರು ಯೇಸುಸಭೆಯ ಗುರುಗಳನ್ನೂ ಕೊಂದರು. ಅಡುಗೆಯ ಎಲ್ಬಾ ರಾಮೋಸ್ ಮತ್ತು ಆಕೆಯ ಹದಿಹರೆಯದ ಮಗಳು ಸೆಲಿನಾಳನ್ನೂ ಬಿಡಲಿಲ್ಲ. ಕೊಂದವರು ಬಂಡುಕೋರರೆಂದು ಮೊದಲು ಸುಳ್ಳು ಹಬ್ಬಿಸಲಾಯಿತು. ಸೈನ್ಯದ ಹಿರಿಯ ಅಧಿಕಾರಿಗಳೇ ಹೊಣೆಯೆಂದು 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ ಸಾರಿತು. 2020ರಲ್ಲಿ ಸ್ಪೇನಿನ ನ್ಯಾಯಾಲಯವು ಮಾಜಿ ಕರ್ನಲ್ ಒಬ್ಬನಿಗೆ 133 ವರ್ಷಗಳ ಶಿಕ್ಷೆ ವಿಧಿಸಿತು.

ಇದು ದೂರದೇಶದ ಮಾತೆಂದು ಬದಿಗಿಡಬೇಡಿ. ಕುಡಿದು ಬಂದ ಗಂಡನ ಏಟು ತಿನ್ನುವ ಹೆಂಡತಿಯನ್ನು ನೆನೆಯಿರಿ. ಅವಳಿಗೆ ನಿದ್ರೆ ಬಾರದು, ಕೈ ನಡುಗುತ್ತದೆ. ವೈದ್ಯರ ಮಾತ್ರೆ ಬೇಕು, ಆಪ್ತ ಸಲಹೆ ಬೇಕು, ಪ್ರಾರ್ಥನೆಯೂ ಬೇಕು. ಆದರೆ ಸಂಜೆ ಅದೇ ಏಟಿಗೆ ಅವಳನ್ನು ಮರಳಿ ಕಳುಹಿಸಿ "ಸಹಿಸಿಕೋ, ಕ್ಷಮಿಸು" ಎಂದರೆ ನಾವು ಯಾರ ಪಕ್ಷದಲ್ಲಿದ್ದೇವೆ? ಮೊದಲು ಅವಳ ಮಾತನ್ನು ನಂಬಬೇಕು. ನಡೆದದ್ದು ತಪ್ಪೆಂದು ಬಾಯಿಬಿಟ್ಟು ಹೇಳಬೇಕು. ಏಟು ನಿಲ್ಲುವಂತೆ ಮನೆಯವರೂ ನೆರೆಯವರೂ ಧರ್ಮಕೇಂದ್ರವೂ ಕೂಡಿ ನಿಲ್ಲಬೇಕು. ಅಗತ್ಯಬಿದ್ದರೆ ಕಾನೂನಿನ ನೆರವನ್ನೂ ಕೊಡಿಸಬೇಕು.

ಇದು ಸೇಡಲ್ಲ. ಕ್ಷಮೆ ನೊಂದವರು ಕೊಡುವ ದಾನ. ಅದನ್ನು ನಾವು ವಸೂಲಿ ಮಾಡುವಂತಿಲ್ಲ. ಪುನರುತ್ಥಾನರಾದ ಯೇಸು ಶಿಷ್ಯರಿಗೆ ಶಾಂತಿ ಕೋರಿದಾಗ ತಮ್ಮ ಗಾಯಗಳನ್ನು ಮರೆಮಾಡಲಿಲ್ಲ, ತೋರಿಸಿದರು.

ಮನೆಯವರೆಲ್ಲ ಕೂಡಿ ಚಿಂತಿಸಲು: ನಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರ ನೋವನ್ನು "ಮರೆತುಬಿಡು" ಎಂದು ಮುಚ್ಚಿದ್ದೇವೆ? ಈ ವಾರ ಅವರ ಬಳಿ ಕುಳಿತು ಕೇಳಲು ನಮ್ಮಲ್ಲಿ ಯಾರು ಸಿದ್ಧ?