ಸೀಟಿನ ಆಚೆಗಿನ ಐದೂವರೆ ವರ್ಷ

ಪಿಯುಸಿ ಫಲಿತಾಂಶ ಬಂತೆಂದರೆ ಮಂಗಳೂರಿನ ಮನೆಗಳಲ್ಲಿ ಅಂಕದ ಮಾತು ಬಿಟ್ಟರೆ ಬೇರೆ ಮಾತಿಲ್ಲ. 2024ರಲ್ಲಿ ಶೇ 97.37 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು. ಮರುವರ್ಷ ಉಡುಪಿ ಮೊದಲು, ನಾವು ಎರಡನೆಯವರು. ಅಂಕಕ್ಕಾಗಿ ಈ ಊರಿನ ತಂದೆತಾಯಂದಿರು ಸುರಿಯುವ ಹಣದ ಬಗ್ಗೆ ನನ್ನ ತಕರಾರಿಲ್ಲ. ಅಂಕ ಬಂದ ಮೇಲಿನ ವರ್ಷಗಳಿಗೆ ಏನನ್ನೂ ಉಳಿಸಿಕೊಳ್ಳುವುದಿಲ್ಲವಲ್ಲ, ತಕರಾರು ಅದಕ್ಕೆ. ಪಶುವೈದ್ಯೆಯೇ ಆಗುತ್ತೇನೆಂದು ಮಗಳು ಪಟ್ಟು ಹಿಡಿದಾಗ ನಾನು ಮೊದಲು ಕೂತು ಬರೆದದ್ದು ಈ ಉಳಿದ ವರ್ಷಗಳ ಲೆಕ್ಕವನ್ನೇ.

ಅವಳ ಪಟ್ಟಿಗೆ ಕಾರಣ ವಾಮಂಜೂರಿನಲ್ಲಿರುವ ನನ್ನ ಅಕ್ಕನ ಮನೆಯ ಹಟ್ಟಿ. ಕರು ಅಡ್ಡ ಸಿಕ್ಕಿಕೊಂಡು ಹಸು ಒದ್ದಾಡುತ್ತಿದ್ದ ರಾತ್ರಿ ಅವಳು ಅಲ್ಲಿದ್ದಳು. ಬಂದ ಡಾಕ್ಟರು ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸಿ, ಸಗಣಿ ನೆಲದ ಮೇಲೆ ಪಕ್ಕಕ್ಕೆ ಮಲಗಿ, ಕಣ್ಣು ಮುಚ್ಚಿಕೊಂಡು ಕರುವಿನ ಕಾಲು ಹುಡುಕಿದರು. ಟಾರ್ಚ್ ಹಿಡಿದಿದ್ದವಳು ನನ್ನ ಮಗಳು. ಕರು ಉಳಿಯಿತು. ಅಲ್ಲಿಂದ ಅವಳ ಬಾಯಲ್ಲಿ ಬೇರೆ ಕೋರ್ಸಿನ ಹೆಸರೇ ಬರಲಿಲ್ಲ.

ನೆಂಟರಿಗೆ ಇದು ಒಪ್ಪಿಗೆಯಾಗಲಿಲ್ಲ. "ಇಷ್ಟು ಅಂಕ ತೆಗೆದು ದನದ ಡಾಕ್ಟರಾ? ಒಂದು ವರ್ಷ ಲಾಂಗ್ ಟರ್ಮ್ ಹಾಕಿ, ಎಂಬಿಬಿಎಸ್ ಸಿಗುತ್ತದೆ" ಎಂದರು. ಲಾಂಗ್ ಟರ್ಮ್ ಎಂದರೆ ಮತ್ತೊಮ್ಮೆ ನೀಟ್ ಬರೆಯಲು ವರ್ಷವಿಡೀ ಕೋಚಿಂಗ್; ಹಾಸ್ಟೆಲ್ ಸೇರಿ ಲಕ್ಷದ ಮೇಲೆ ಖರ್ಚು, ಜೊತೆಗೆ ದುಡಿಮೆ ಒಂದು ವರ್ಷ ಹಿಂದಕ್ಕೆ. ಮಗುವಿಗೆ ನಿಜವಾಗಿ ಎಂಬಿಬಿಎಸ್ಸೇ ಬೇಕಿದ್ದರೆ ಆ ಖರ್ಚು ಮಾಡಬಹುದು. ನೆಂಟರ ಸಮಾಧಾನಕ್ಕೆ ಮಾಡುವುದು ಶುದ್ಧ ನಷ್ಟ.

ಸೀಟಿನ ದಾರಿ ಹೀಗಿದೆ. ಬಿವಿಎಸ್‌ಸಿ ಮತ್ತು ಎಎಚ್ ಪದವಿಗೆ ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ರಾಜ್ಯದ ಸೀಟುಗಳು ಸಿಇಟಿ ಮೂಲಕ. ಶೇ 15 ಸೀಟುಗಳನ್ನು ಭಾರತೀಯ ಪಶುವೈದ್ಯಕೀಯ ಪರಿಷತ್ತು ನೀಟ್ ಅಂಕದ ಮೇಲೆ ತುಂಬುತ್ತದೆ. ಹಾಗಾಗಿ ನೀಟ್ ಬರೆದ ಮಗು ಈ ಎರಡನೇ ಬಾಗಿಲನ್ನೂ ತಟ್ಟಬೇಕು, ಅದರ ಕೌನ್ಸೆಲಿಂಗ್ ಬೇರೆಯೇ ನಡೆಯುತ್ತದೆ. ಕೃಷಿ ಕುಟುಂಬದ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ. ಊರಲ್ಲಿ ಅಡಿಕೆ ತೋಟವಿದ್ದು ಮಂಗಳೂರಿನ ಫ್ಲ್ಯಾಟಿನಲ್ಲಿ ಬದುಕುವ ಎಷ್ಟೋ ಮನೆಗಳು ಇದರ ಅರ್ಹತೆ ತಮಗಿದೆಯೇ ಎಂದು ವಿಚಾರಿಸುವುದೂ ಇಲ್ಲ. ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಫಲಿತಾಂಶಕ್ಕೆ ಕಾಯದೆ ಮೊದಲೇ ಓಡಾಡಿ.

ಮಂಗಳೂರು ನಗರದಲ್ಲಿ ಪಶುವೈದ್ಯಕೀಯ ಕಾಲೇಜಿಲ್ಲ. ಎಕ್ಕೂರಿನ ಮೀನುಗಾರಿಕಾ ಕಾಲೇಜು 1969ರಷ್ಟು ಹಳೆಯದು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಆದರೆ ಅಲ್ಲಿ ಕಲಿಸುವುದು ಮೀನುಗಾರಿಕೆ ವಿಜ್ಞಾನ. ನಮ್ಮ ಮಕ್ಕಳು ಹಾಸನ, ಶಿವಮೊಗ್ಗ, ಹೆಬ್ಬಾಳ, ಗದಗ, ಬೀದರ್ ಅಂತ ಹೊರಡಲೇಬೇಕು. ಅಂದರೆ ಖರ್ಚಿನ ದೊಡ್ಡ ಪಾಲು ಕಾಲೇಜು ಫೀಸಲ್ಲ, ಊಟ ಮತ್ತು ವಸತಿ. ಮೆಸ್, ಹಾಸ್ಟೆಲ್, ಪುಸ್ತಕ, ಊರಿಗೆ ಬಂದು ಹೋಗುವ ಬಸ್ಸು ಸೇರಿ ತಿಂಗಳಿಗೆ 8,000 ರೂಪಾಯಿ ಎಂದು ನಾನು ಹಿಡಿದೆ. 66 ತಿಂಗಳಿಗೆ 5.28 ಲಕ್ಷ. ಕೋಚಿಂಗಿಗೆ ಕೂಡಿಟ್ಟದ್ದನ್ನೆಲ್ಲ ಬರಿದು ಮಾಡಿದ ಮನೆಗೆ ಈ ಮೊತ್ತ ಎರಡನೇ ವರ್ಷದಲ್ಲೇ ಉಸಿರು ಕಟ್ಟಿಸುತ್ತದೆ.

ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಹುಟ್ಟಿದ ಊರು ನಮ್ಮದು. ಆದರೂ ಮಕ್ಕಳ ಓದಿಗೆ ಸಾಲ ಎಂದರೆ ಇಲ್ಲಿನ ಮಧ್ಯಮ ವರ್ಗಕ್ಕೆ ಮುಜುಗರ. ಅದರ ಬದಲು ಚಿನ್ನ ಅಡವಿಡುತ್ತಾರೆ. ಶಿಕ್ಷಣ ಸಾಲ ಅದಕ್ಕಿಂತ ಎಷ್ಟೋ ಮೇಲು. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ.

ಆದರೆ ಬಡ್ಡಿ ಕಾಯುವುದಿಲ್ಲ. ವರ್ಷದ ಆರಂಭಕ್ಕೆ 80,000ದಂತೆ ಐದು ವರ್ಷ ಸಾಲ ಎತ್ತಿ, ಶೇ 10ರ ಸರಳ ಬಡ್ಡಿ ಹಾಕಿ ನೋಡಿ. ಆರೂವರೆ ವರ್ಷ ಮುಗಿದು ಮೊದಲ ಕಂತಿನ ದಿನ ಬರುವಷ್ಟರಲ್ಲಿ ಬಡ್ಡಿಯೇ 1.8 ಲಕ್ಷ ಆಗಿರುತ್ತದೆ, ಅದು ಅಸಲಿಗೆ ಸೇರಿ ಅದರ ಮೇಲೂ ಬಡ್ಡಿ ನಡೆಯುತ್ತದೆ. ಅದರ ಬದಲು ಆಯಾ ತಿಂಗಳ ಬಡ್ಡಿಯನ್ನು ಆಗಲೇ ಕಟ್ಟಿಬಿಡಿ: ಮೊದಲ ವರ್ಷ ತಿಂಗಳಿಗೆ ಸುಮಾರು 667 ರೂಪಾಯಿ, ಐದನೇ ವರ್ಷಕ್ಕೆ 3,333. ನಮ್ಮ ಮನೆಯಲ್ಲಿ ಇದಕ್ಕೆಂದೇ ಪಿಗ್ಮಿ ಕಟ್ಟುತ್ತೇವೆ. ಮಗಳ ಕೈಗೆ ಅಸಲು ಮಾತ್ರ ಹೋಗಬೇಕು ಎಂಬುದು ನನ್ನ ಹಟ.

ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಸೆಕ್ಷನ್ 80ಇ ಪ್ರಕಾರ ಕಟ್ಟಿದ ಬಡ್ಡಿಗೆ ಮಿತಿಯಿಲ್ಲದ ವಿನಾಯಿತಿ ಸಿಗುತ್ತಿದ್ದುದು ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ, ಅದೂ ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷ. ಬೇಗ ಕಟ್ಟಲು ಶುರು ಮಾಡಿದರೆ ಆ ಎಂಟು ವರ್ಷವೂ ಬೇಗ ಮುಗಿಯುತ್ತದೆ. ಹಾಗಿದ್ದರೂ ಬಡ್ಡಿಯನ್ನು ಬೆಳೆಯಲು ಬಿಡುವುದಕ್ಕಿಂತ ಇದೇ ಲಾಭ.

ಪದವಿ ಮುಗಿದ ಮೇಲೆ ರಾಜ್ಯ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ. ಆಮೇಲೆ ಸರ್ಕಾರಿ ಕೆಲಸ, ಹಾಲು ಒಕ್ಕೂಟ, ಸ್ವಂತ ಕ್ಲಿನಿಕ್. ಕೆಪಿಎಸ್‌ಸಿ 2024ರಲ್ಲಿ 400 ಪಶುವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ಕರೆದಿತ್ತು, ಆದರೆ ಅಂಥ ಅಧಿಸೂಚನೆ ವರ್ಷವರ್ಷ ಬರುವುದಿಲ್ಲ. ಅದನ್ನು ನಂಬಿ ಸಾಲ ಮಾಡಬೇಡಿ. ಓದು ಮುಗಿದ ಮೊದಲ ವರ್ಷದ ಮನೆಬಾಡಿಗೆ, ಊಟಕ್ಕೆ ಆಗುವಷ್ಟು ಹಣ ಬೇರೆಯಾಗಿರಲಿ.

ನನ್ನ ಮಗಳು ಈಗ ಬೀದರಿನಲ್ಲಿ ಓದುತ್ತಿದ್ದಾಳೆ. ಪದವಿ ಕೊಡುವುದು ಒಂದೇ ವಿಶ್ವವಿದ್ಯಾಲಯ, ನೋಂದಣಿಗೆ ಒಂದೇ ಬೆಲೆ. ದೂರ ಎಂಬ ಒಂದೇ ಕಾರಣಕ್ಕೆ ಕರಾವಳಿಯವರು ಆಪ್ಷನ್ ಎಂಟ್ರಿಯಲ್ಲಿ ಆ ಹೆಸರು ಹಾಕುವುದಿಲ್ಲ, ಸೀಟು ಸಿಗದಿದ್ದರೆ ಮತ್ತೆ ಲಾಂಗ್ ಟರ್ಮ್‌ಗೆ ದುಡ್ಡು ಕಟ್ಟುತ್ತಾರೆ. ಈ ಸಲ ಪಟ್ಟಿ ತುಂಬುವಾಗ ದಯವಿಟ್ಟು ಬೀದರ್, ಗದಗ ಎರಡನ್ನೂ ಸೇರಿಸಿ.